ಯುದ್ಧ ಅವರದು, ಬಾಕಿ ಸಂಬಳ ನಮ್ಮದು



1990ರ ಆಗಸ್ಟ್ 2ರ ಬೆಳಗಿನ ಜಾವ ಇರಾಕಿನ ಸೈನ್ಯ ಕುವೈತಿನೊಳಕ್ಕೆ ನುಗ್ಗಿದಾಗ ಅಲ್ಲಿ ಬಿರುಬೇಸಿಗೆ. ಕುವೈತಿನ ಸ್ಥಿತಿವಂತರಲ್ಲಿ ಬಹಳ ಮಂದಿ ರಜೆಗೆಂದು ಲಂಡನ್ನಿಗೋ ಕೈರೋಗೋ ಹೋಗಿದ್ದರು. ಊರಲ್ಲಿದ್ದವರಲ್ಲೂ ಅನೇಕರು ಕಾರು ಹತ್ತಿ ಸೌದಿ ಗಡಿ ದಾಟಿದರು. ಅವರ ಅಂಗಡಿ, ಗ್ಯಾರೇಜು, ಕಚೇರಿ, ಅಡುಗೆಮನೆಗಳಲ್ಲಿ ದುಡಿಯುತ್ತಿದ್ದ ಭಾರತೀಯರು ಮಾತ್ರ ಇದ್ದಲ್ಲೇ ಉಳಿದರು. ಆಗ ಕುವೈತಿನಲ್ಲಿ ನಮ್ಮವರ ಸಂಖ್ಯೆ ಸುಮಾರು 1,70,000. ಅವರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್ ಇದ್ದದ್ದು ಧಣಿಯ ಕಪಾಟಿನಲ್ಲಿ. ಕಪಾಟಿನ ಬೀಗದ ಕೈ ಧಣಿಯ ಜೇಬಿನಲ್ಲಿ. ಧಣಿ ಲಂಡನ್ನಿನಲ್ಲಿ.

ಯುದ್ಧದ ಸುದ್ದಿ ಬಂದಾಗ ನಾವೆಲ್ಲ ಕ್ಷಿಪಣಿ, ವಿಮಾನ, ಸತ್ತವರ ಲೆಕ್ಕ ಕೇಳುತ್ತೇವೆ. ಅಲ್ಲಿ ದುಡಿಯಲು ಹೋದವನ ಮನೆಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಪಾಸ್‌ಪೋರ್ಟ್ ಕೈಯಲ್ಲಿದೆಯೇ? ಮೂರು ತಿಂಗಳ ಬಾಕಿ ಸಂಬಳ ಬಂತೇ? ಈಗ ಬಿಟ್ಟು ಬಂದರೆ ಮತ್ತೆ ಸೇರಿಸಿಕೊಳ್ಳುತ್ತಾರೆಯೇ? ದೇಶದೇಶಗಳ ಜಗಳ ಎಷ್ಟೇ ದೊಡ್ಡದಿರಲಿ, ಕೂಲಿಕಾರನನ್ನು ಅದು ತಟ್ಟುವುದು ಅವನಿಗೂ ಅವನ ಧಣಿಗೂ ನಡುವೆ ಇರುವ ಕಾಗದಪತ್ರದ ಮೂಲಕ. ಆ ಪತ್ರ ಸರಿಯಿದ್ದವನು ಹೇಗೋ ಊರು ಸೇರುತ್ತಾನೆ, ಇಲ್ಲದವನು ಕಂಗಾಲಾಗುತ್ತಾನೆ. ನಾನು ಇಂದು ಹೇಳಬೇಕೆಂದಿರುವುದು ಇದನ್ನೇ. ಕುವೈತಿನ ಕಥೆ ಹಳೆಯದಾದರೂ ಅದರಿಂದಲೇ ಹೊರಡುತ್ತೇನೆ, ಏಕೆಂದರೆ ಆಮೇಲೆ ನಡೆದ ಪ್ರತಿಯೊಂದರ ಬೀಜವೂ ಅದರಲ್ಲಿದೆ.

ಕುವೈತ್ ದಿನಾರ್ ಆಗ ಮೂರು ಡಾಲರಿಗೂ ಮಿಗಿಲಾದ ನಾಣ್ಯ. ಜಗತ್ತಿನ ಅತಿ ದುಬಾರಿ ನಾಣ್ಯಗಳಲ್ಲಿ ಅದೂ ಒಂದು. ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಕುವೈತನ್ನು ತನ್ನ ದೇಶದ ಪ್ರಾಂತ್ಯವೆಂದು ಸಾರಿ, ಕುವೈತ್ ದಿನಾರೂ ಇರಾಕಿ ದಿನಾರೂ ಒಂದಕ್ಕೊಂದು ಸಮ ಎಂದು ಅಪ್ಪಣೆ ಕೊಡಿಸಿದ. ಪೇಟೆಯಲ್ಲಿ ಇರಾಕಿ ದಿನಾರಿನ ಬೆಲೆ ಅದರ ಸಣ್ಣದೊಂದು ಪಾಲು ಅಷ್ಟೆ. ಹತ್ತು ವರ್ಷ ದುಡಿದು ಉಳಿಸಿದ್ದು ಹೀಗೆ ಒಂದು ಸುತ್ತೋಲೆಯಲ್ಲಿ ಕರಗಿತು. ಬ್ಯಾಂಕಿನಲ್ಲಿದ್ದವರ ಹಣ ಬ್ಯಾಂಕಿನಲ್ಲೇ ಉಳಿಯಿತು. ಸಂಬಳ ಕೊಡುವವನೇ ದೇಶದಲ್ಲಿಲ್ಲ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಮನೆಗಳಿಗೆ ಬರುತ್ತಿದ್ದ ಡ್ರಾಫ್ಟುಗಳು ನಿಂತವು. ಟೆಲಿಫೋನು ಕಡಿದಿತ್ತು. ರೇಡಿಯೊ ಹೇಳಿದ್ದೇ ಸುದ್ದಿ.

ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂನನ್ನು ಕಂಡರು. ಅವನನ್ನು ಅಪ್ಪಿಕೊಂಡ ಫೋಟೊ ಪತ್ರಿಕೆಗಳಲ್ಲಿ ಬಂದಾಗ ಅವರು ದೊಡ್ಡ ಟೀಕೆಗೆ ಒಳಗಾದರು. ಆ ಟೀಕೆ ಮಾಡಿದವರ ಮನೆಯ ಮಕ್ಕಳು ಬಹುಶಃ ಕುವೈತಿನಲ್ಲಿರಲಿಲ್ಲ. ಒಂದು ಅಪ್ಪುಗೆಯಿಂದ ಲಕ್ಷಾಂತರ ಜನರಿಗೆ ದಾರಿ ಬಿಟ್ಟುಕೊಟ್ಟರೆ ಅದು ಅಗ್ಗದ ಬೆಲೆ ಎಂಬುದೇ ನನ್ನ ಅಭಿಪ್ರಾಯ. ದಾರಿಯೇನೋ ತೆರೆಯಿತು, ಆದರೆ ಎಂಥ ದಾರಿ! ಕುವೈತಿನಿಂದ ಬಸ್ಸಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದು, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನ್ ಗಡಿ, ಗಡಿಯ ಡೇರೆಗಳಲ್ಲಿ ನೀರಿಗೂ ರೊಟ್ಟಿಗೂ ಸಾಲು, ಆಮೇಲೆ ಅಮ್ಮಾನಿನ ವಿಮಾನ ನಿಲ್ದಾಣ. ಪಾಸ್‌ಪೋರ್ಟ್ ಇಲ್ಲದವರಿಗೆ ರಾಯಭಾರ ಕಚೇರಿ ತಾತ್ಕಾಲಿಕ ಪ್ರಯಾಣಪತ್ರ ಬರೆದುಕೊಟ್ಟಿತು. ಟೊಯೋಟಾ ಸನ್ನಿ ಎಂದೇ ಹೆಸರಾಗಿದ್ದ ಮಾತುನ್ನಿ ಮ್ಯಾಥ್ಯೂಸ್‌ರಂಥ ಅಲ್ಲಿನ ಭಾರತೀಯ ಮುಂದಾಳುಗಳು ಶಾಲೆಗಳಲ್ಲಿ ಶಿಬಿರ ಹೂಡಿ, ಬಸ್ಸುಗಳನ್ನು ಗೊತ್ತುಮಾಡಿ ಜನರನ್ನು ಸಾಗಿಸಿದರು. ಆಗಸ್ಟ್ 13ರಿಂದ 59 ದಿನಗಳಲ್ಲಿ ಏರ್ ಇಂಡಿಯಾ 488 ಬಾರಿ ಹಾರಿ ಲಕ್ಷಕ್ಕೂ ಮಿಕ್ಕಿ ಜನರನ್ನು ತಂದಿತು. ನಾಗರಿಕ ವಿಮಾನ ಸಂಸ್ಥೆಯೊಂದು ನಡೆಸಿದ ಅಷ್ಟು ದೊಡ್ಡ ತೆರವು ಇನ್ನೊಂದಿಲ್ಲ ಎಂದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ.

ಸಿನಿಮಾದವರು ತೋರಿಸುವುದು ಇಷ್ಟನ್ನೇ. ವಿಮಾನದ ಗಾಲಿ ಬೊಂಬಾಯಿಯ ನೆಲ ಮುಟ್ಟಿದ ಕೂಡಲೇ ಚಪ್ಪಾಳೆ, ಕಥೆ ಮುಗಿಯಿತು. ಕೆಲಸಗಾರನ ಕಥೆ ಶುರುವಾಗುವುದೇ ಅಲ್ಲಿಂದ. ಊರಿಗೆ ಬಂದವನ ಕೈಯಲ್ಲಿ ಒಂದು ಚೀಲ. ಅರ್ಧ ಕಟ್ಟಿದ ಮನೆಯ ಗೋಡೆ ಲಿಂಟಲ್ ಮಟ್ಟಕ್ಕೆ ನಿಂತಿದೆ. ತಂಗಿಯ ಮದುವೆಗೆ ಎತ್ತಿದ ಸಾಲ ಹಾಗೇ ಇದೆ. ದೇಶದ ಬೊಕ್ಕಸಕ್ಕೂ ಅದೇ ಪಾಡು ಬಂತು. ಕೊಲ್ಲಿಯಿಂದ ಬರುವ ಹಣ ಕುಂದಿತು, ಎಣ್ಣೆಯ ಬೆಲೆ ಮೂರು ತಿಂಗಳಲ್ಲಿ ಇಮ್ಮಡಿಗೂ ಮೀರಿತು. ಅದಕ್ಕೂ ಮೊದಲೇ ಸಡಿಲವಾಗಿದ್ದ ನಮ್ಮ ವಿದೇಶಿ ವಿನಿಮಯದ ಬುಡ ಅಲುಗಾಡಿ, 1991ರ ಜುಲೈಯಲ್ಲಿ 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಅಡವಿಡಬೇಕಾಯಿತು. ಆ ಬಿಕ್ಕಟ್ಟಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಬೆಂಕಿಗೆ ಕೊನೆಯ ಕಡ್ಡಿ ಗೀರಿದ್ದು ಕುವೈತ್.

ಪರಿಹಾರವೂ ಬಂತು, ತಡವಾಗಿ. 1991ರಲ್ಲಿ ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗ ರಚಿಸಿ, ಇರಾಕಿನ ಎಣ್ಣೆ ಮಾರಾಟದ ಹಣದಲ್ಲಿ ಒಂದು ಪಾಲನ್ನು ನಷ್ಟ ಹೊಂದಿದವರಿಗಾಗಿ ತೆಗೆದಿಟ್ಟಿತು. ದೇಶ ಬಿಟ್ಟು ಓಡಬೇಕಾಗಿ ಬಂದ ಒಬ್ಬ ವ್ಯಕ್ತಿಗೆ 2,500 ಡಾಲರ್, ಬೇರೆ ಯಾವ ಕೋರಿಕೆಯನ್ನೂ ಸಲ್ಲಿಸದಿದ್ದರೆ 4,000. ಅದನ್ನು ಪಡೆಯಲು ಅಲ್ಲಿದ್ದೆ, ಅಲ್ಲಿಂದ ಹೊರಟೆ ಎಂದು ತೋರಿಸಬೇಕು. ಹಳೆಯ ಇಕಾಮಾ, ಅಂದರೆ ವಾಸದ ಪರವಾನಗಿ, ಪಾಸ್‌ಪೋರ್ಟಿನ ಒಂದು ಮೊಹರು, ಹೊರಟ ದಿನದ ಒಂದು ಚೀಟಿ, ಅಂಥದ್ದೇನಾದರೂ ಬೇಕು. ಓಡುವ ಭರದಲ್ಲೂ ಕಾಗದ ಜೋಪಾನ ಮಾಡಿದವರಿಗೆ ಅದರ ಬೆಲೆ ಆಗ ಗೊತ್ತಾಯಿತು. ಆಯೋಗ ಒಟ್ಟು 52.4 ಶತಕೋಟಿ ಡಾಲರ್ ಹಂಚಿ ಮುಗಿಸಿದ್ದು 2022ರ ಜನವರಿಯಲ್ಲಿ. ಜನಸಾಮಾನ್ಯರ ಪಾಲು ಬಹಳ ಮೊದಲೇ ಸಂದಿತ್ತು, ನಿಜ. ಆದರೂ ಲೆಕ್ಕದ ಪುಸ್ತಕ ಮುಚ್ಚಲು ಮೂವತ್ತು ವರ್ಷ ಹಿಡಿಯಿತು.

ಆ ಯುದ್ಧದಲ್ಲಿ ಭಾರತೀಯರಿಗಿಂತ ಹೆಚ್ಚು ಪೆಟ್ಟು ತಿಂದವರು ಪ್ಯಾಲೆಸ್ತೀನಿಯರು, ಯೆಮನಿಗಳು. ಪ್ಯಾಲೆಸ್ತೀನಿ ನಾಯಕ ಯಾಸಿರ್ ಅರಾಫತ್ ಸದ್ದಾಂ ಪರ ನಿಂತರೆಂಬ ಒಂದೇ ಕಾರಣಕ್ಕೆ, ಕುವೈತಿನಲ್ಲಿ ಎರಡು ತಲೆಮಾರಿನಿಂದ ಮೇಷ್ಟ್ರಾಗಿ, ಇಂಜಿನಿಯರಾಗಿ, ಗುಮಾಸ್ತರಾಗಿ ಬಾಳಿದ್ದ ಲಕ್ಷಗಟ್ಟಲೆ ಪ್ಯಾಲೆಸ್ತೀನಿಯರು ಯುದ್ಧ ಮುಗಿದ ಮೇಲೆ ಜಾಗ ಖಾಲಿ ಮಾಡಬೇಕಾಯಿತು. ಯೆಮನಿಗಳ ವಿಷಯ ಇನ್ನೂ ವಿಚಿತ್ರ. ಸೌದಿ ಅರೇಬಿಯದಲ್ಲಿ ಅವರಿಗೆ ಅಲ್ಲಿಯವರೆಗೆ ಕಫೀಲ ಬೇಕಿರಲಿಲ್ಲ. ಕಫೀಲನೆಂದರೆ ಕೆಲಸಗಾರನ ಹೊಣೆ ಹೊತ್ತ ಸ್ಥಳೀಯ ಪ್ರಾಯೋಜಕ. ಅವನ ಹೆಸರಿಲ್ಲದೆ ಉಳಿದ ಹೊರದೇಶದವರು ಅಲ್ಲಿ ಇರುವಂತಿರಲಿಲ್ಲ. ಕುವೈತ್ ವಿಷಯದಲ್ಲಿ ಯೆಮನ್ ಸರ್ಕಾರದ ಧೋರಣೆ ರುಚಿಸದೆ ಸೌದಿಯವರು 1990ರ ಸೆಪ್ಟೆಂಬರಿನಲ್ಲಿ ಆ ವಿನಾಯಿತಿಯನ್ನು ಕಿತ್ತುಕೊಂಡರು. ಯಾರನ್ನೂ ಗಡೀಪಾರು ಮಾಡುವ ಆಜ್ಞೆ ಹೊರಡಿಸಬೇಕಾಗಲಿಲ್ಲ. ಕಫೀಲನನ್ನು ಹುಡುಕಿಕೊಳ್ಳಿ, ಇಲ್ಲವೇ ಹೊರಡಿ ಎಂದರೆ ಸಾಕಾಯಿತು. ಕೆಲವೇ ತಿಂಗಳಲ್ಲಿ ಸುಮಾರು ಎಂಟು ಲಕ್ಷ ಯೆಮನಿಗಳು ಅಂಗಡಿ ಮುಂಗಟ್ಟು ಸಿಕ್ಕಿದ ಬೆಲೆಗೆ ಮಾರಿ ಗಡಿ ದಾಟಿದರು. ಒಂದು ಗುಂಡೂ ಹಾರಲಿಲ್ಲ. ಅವರು ಬಿಟ್ಟ ಜಾಗಗಳಿಗೆ ಭಾರತದಿಂದ, ಬಾಂಗ್ಲಾದೇಶದಿಂದ, ಪಾಕಿಸ್ತಾನದಿಂದ ಹೊಸಬರು ಹೋದರು. ಒಬ್ಬರ ಮನೆ ದೀಪ ಆರಿದ್ದಕ್ಕೆ ಇನ್ನೊಬ್ಬರ ಮನೆಯ ದೀಪ ಹತ್ತಿತು ಎಂಬುದನ್ನು ನಾವು ನೆನಪಿಡುವುದಿಲ್ಲ.

ಇನ್ನು ಧಣಿಗಳ ಕಡೆಗೆ ಬರೋಣ. ಧಣಿಯೆಂದರೆ ಎಲ್ಲರೂ ಎಣ್ಣೆ ಬಾವಿಯ ಒಡೆಯರಲ್ಲ. ಬಹ್ರೇನಿನಲ್ಲೋ ಶಾರ್ಜಾದಲ್ಲೋ ಕೆಫೆಟೇರಿಯ ಇಟ್ಟುಕೊಂಡ ನಮ್ಮೂರಿನವನೂ ಧಣಿಯೇ. ನಾಲ್ಕಾರು ಹುಡುಗರಿಗೆ ವೀಸಾ ತೆಗೆದಿದ್ದಾನೆ, ಕಟ್ಟಡದ ಬಾಡಿಗೆಗೆ ಮುಂದಿನ ತಾರೀಕುಗಳ ಚೆಕ್ಕು ಬರೆದುಕೊಟ್ಟಿದ್ದಾನೆ, ಲೈಸೆನ್ಸು ಒಬ್ಬ ಸ್ಥಳೀಯನ ಹೆಸರಿನಲ್ಲಿದೆ. ಗಡಿಬಿಡಿ ಎದ್ದು ಎರಡು ತಿಂಗಳು ಗಿರಾಕಿ ಇಲ್ಲದಿದ್ದರೂ ಬಾಡಿಗೆ ನಿಲ್ಲದು, ಹುಡುಗರ ಊಟ ನಿಲ್ಲದು. ಚೆಕ್ಕು ವಾಪಸಾದರೆ ಕೋರ್ಟು ಕಚೇರಿ. ಇಂಥ ಧಣಿ ಮಾಡುವ ಮೊದಲ ಉಳಿತಾಯ ಹುಡುಗರ ಸಂಬಳವನ್ನು ಮುಂದಕ್ಕೆ ಹಾಕುವುದು. ದುಷ್ಟನಾಗಿಯೇ ಹಾಗೆ ಮಾಡಬೇಕೆಂದಿಲ್ಲ. ಕಟ್ಟಡದ ಮಾಲೀಕ ಕಾಯುವುದಿಲ್ಲ, ಸರ್ಕಾರ ಕಾಯುವುದಿಲ್ಲ, ಹುಡುಗ ಕಾಯುತ್ತಾನೆ. ಅವನಿಗೆ ಬೇರೆ ದಾರಿಯಿಲ್ಲ.

ದೊಡ್ಡ ಧಣಿಗಳ ಲೆಕ್ಕವೂ ಕೊನೆಗೆ ಅದೇ ದಿಕ್ಕಿಗೆ ಹರಿಯುತ್ತದೆ. ಇದಕ್ಕೆ 2016ರ ಸೌದಿ ಅರೇಬಿಯ ಸಾಕ್ಷಿ. ಅಲ್ಲಿ ಯುದ್ಧಭೂಮಿ ಇರಲಿಲ್ಲ, ಎಣ್ಣೆಯ ಪೇಟೆ ಇತ್ತು. 2014ರ ನಡುವಿನಲ್ಲಿ ಪೀಪಾಯಿಗೆ ನೂರು ಡಾಲರಿಗೂ ಮೇಲಿದ್ದ ಎಣ್ಣೆ 2016ರ ಜನವರಿಯಲ್ಲಿ ಮೂವತ್ತಕ್ಕೂ ಕೆಳಗೆ ಬಿತ್ತು. ಪಕ್ಕದ ಯೆಮನಿನಲ್ಲಿ ಸೌದಿಯ ಯುದ್ಧ ಬೇರೆ ನಡೆದಿತ್ತು. ಸರ್ಕಾರ ಗುತ್ತಿಗೆದಾರರ ಬಿಲ್ಲು ತಡೆಹಿಡಿಯಿತು. ಲೆಬನಾನಿನ ಹರೀರಿ ಮನೆತನದ ಸೌದಿ ಓಜರ್ ಎಂಬ ಭಾರಿ ನಿರ್ಮಾಣ ಸಂಸ್ಥೆಗೆ ಸರ್ಕಾರವೇ ಮುಖ್ಯ ಗಿರಾಕಿ. ಬಿಲ್ಲು ನಿಂತಿತು, ಸಂಬಳ ನಿಂತಿತು, ತಿಂಗಳುಗಟ್ಟಲೆ ನಿಂತಿತು. ಜಿದ್ದಾದ ಕಾರ್ಮಿಕ ಶಿಬಿರಗಳಲ್ಲಿ ಸಾವಿರಾರು ಭಾರತೀಯರು ಊಟಕ್ಕೂ ಗತಿಯಿಲ್ಲದೆ ಉಳಿದರು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಆಹಾರ ಹಂಚಲು ಕಾನ್ಸುಲೇಟಿಗೆ ಹೇಳಿದರು, ರಾಜ್ಯ ಸಚಿವ ವಿ.ಕೆ. ಸಿಂಗ್ ಅವರನ್ನು ಅಲ್ಲಿಗೆ ಕಳುಹಿಸಿದರು.

ಹಾಗಾದರೆ ಆ ಕೆಲಸಗಾರರು ಬೇರೆ ಕಡೆ ಕೆಲಸ ಹುಡುಕಬಾರದಿತ್ತೇ, ಊರಿಗೆ ಬರಬಾರದಿತ್ತೇ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಗಂಟು. ಇಕಾಮಾ ನವೀಕರಿಸಬೇಕಾದವನು ಧಣಿ, ಅದಕ್ಕೆ ಶುಲ್ಕ ಕಟ್ಟಬೇಕಾದವನೂ ಅವನೇ. ಅವನ ಬಳಿ ಹಣವಿಲ್ಲ, ಕಟ್ಟಲಿಲ್ಲ. ಅವಧಿ ಮುಗಿದ ಇಕಾಮಾ ಇಟ್ಟುಕೊಂಡವನಿಗೆ ಬೇರೆ ಕೆಲಸ ಹಿಡಿಯುವುದು ಸುಲಭವಿರಲಿಲ್ಲ, ಬೀದಿಗೆ ಬಂದರೆ ಪೊಲೀಸರ ಭಯ. ಊರಿಗೆ ಹೋಗಲು ಎಕ್ಸಿಟ್ ವೀಸಾ ಬೇಕಿತ್ತು, ಆಗ ಅದನ್ನು ಬರೆಸಿಕೊಡಬೇಕಾಗಿದ್ದವನೂ ಅದೇ ಧಣಿ. ಇದೆಲ್ಲ ದಾಟಿ ಹೊರಟರೂ ಸೇವಾಂತ್ಯದ ಹಣದ ಪ್ರಶ್ನೆ ಉಳಿಯುತ್ತದೆ. ಸೌದಿ ಕಾನೂನಿನಂತೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಹದಿನೈದು ವರ್ಷ ದುಡಿದವನಿಗೆ ಹನ್ನೆರಡೂವರೆ ತಿಂಗಳ ಸಂಬಳ ಒಟ್ಟಿಗೆ ಬರಬೇಕು. ಅವನ ಮಗಳ ಮದುವೆ, ಅವನ ಮುಪ್ಪು ಎಲ್ಲ ಆ ಗಂಟಿನಲ್ಲಿ. ಅದನ್ನು ಬಿಟ್ಟು ವಿಮಾನ ಹತ್ತಿ ಎಂದರೆ ಯಾರು ಹತ್ತುತ್ತಾರೆ? ಸರ್ಕಾರ ಉಚಿತ ವಿಮಾನ ಕಳಿಸಿದರೂ ಜನ ಯಾಕೆ ಬರಲೊಲ್ಲರು ಎಂದು ಬೆಂಗಳೂರಿನಲ್ಲಿ ಕುಳಿತು ಮೂಗಿನ ಮೇಲೆ ಬೆರಳಿಡುವವರು ಈ ಲೆಕ್ಕವನ್ನು ಒಮ್ಮೆ ಹಾಕಬೇಕು. ಸೌದಿ ಓಜರ್ 2017ರ ಜುಲೈಯಲ್ಲಿ ಬಾಗಿಲು ಮುಚ್ಚಿತು. ಬಾಕಿಗಾಗಿ ಮುಖ್ತಾರ್ ಪತ್ರ ಬರೆದುಕೊಟ್ಟು ಊರಿಗೆ ಬಂದವರು ವರ್ಷಗಟ್ಟಲೆ ಕಾದರು.

2015ರಲ್ಲಿ ಯೆಮನಿನ ಮೇಲೆ ಬಾಂಬು ಬೀಳುವಾಗಲೂ ಇದೇ ಹಾಡು. ಆಪರೇಷನ್ ರಾಹತ್ ಎಂಬ ಹೆಸರಿನಲ್ಲಿ ನಮ್ಮ ಹಡಗು, ವಿಮಾನಗಳು 4,600ಕ್ಕೂ ಹೆಚ್ಚು ಭಾರತೀಯರನ್ನೂ ನಲವತ್ತೊಂದು ದೇಶಗಳ ಸುಮಾರು 960 ಮಂದಿಯನ್ನೂ ಹೊರತಂದವು. ಹೆಮ್ಮೆಪಡುವ ಕೆಲಸ. ಆದರೆ ಪ್ರಮಾಣಪತ್ರ ಮತ್ತು ಬಾಕಿ ಸಂಬಳ ಆಸ್ಪತ್ರೆಯ ಕೈಯಲ್ಲಿದ್ದುದರಿಂದ ಹೊರಡಲಾರದೆ ಕುಳಿತ ನರ್ಸುಗಳ ಸುದ್ದಿಯೂ ಆ ದಿನಗಳ ಪತ್ರಿಕೆಗಳಲ್ಲಿತ್ತು. ಅದಕ್ಕೆ ಮುಂಚಿನ ವರ್ಷ ಇರಾಕಿನ ತಿಕ್ರಿತಿನಲ್ಲಿ ಸಿಕ್ಕಿಬಿದ್ದ 46 ನರ್ಸುಗಳು ಕ್ಷೇಮವಾಗಿ ಕೊಚ್ಚಿಗೆ ಬಂದರು. ಅದೇ ವರ್ಷದ ಜೂನಿನಲ್ಲಿ ಮೋಸುಲ್‌ನಲ್ಲಿ ಅಪಹೃತರಾದ 39 ಕಟ್ಟಡ ಕಾರ್ಮಿಕರು ಬರಲಿಲ್ಲ. ಅವರು ಸತ್ತಿದ್ದಾರೆಂದು ಸಂಸತ್ತಿನಲ್ಲಿ ಪ್ರಕಟಿಸಿದ್ದು 2018ರ ಮಾರ್ಚ್‌ನಲ್ಲಿ.

ಪಾರಾಗುವುದು ಧಣಿ ಯಾರು ಎಂಬುದರ ಮೇಲೂ ನಿಂತಿರುತ್ತದೆ. ಲಿಬಿಯದಲ್ಲಿ 2011ರಲ್ಲಿ ಗಲಭೆ ಎದ್ದಾಗ ಚೀನಾ ತನ್ನ 35,000ಕ್ಕೂ ಮಿಕ್ಕಿ ಜನರನ್ನು ಹಡಗು ವಿಮಾನಗಳಲ್ಲಿ ಎರಡು ವಾರದೊಳಗೆ ಹೊರತೆಗೆಯಿತು. ಬಹುಪಾಲು ಜನ ಚೀನಾದ್ದೇ ಕಂಪನಿಗಳ ನೌಕರರು. ಯಾವ ಶಿಬಿರದಲ್ಲಿ ಎಷ್ಟು ಮಂದಿ ಎಂಬ ಪಟ್ಟಿ ಧಣಿಗಳ ಬಳಿಯೇ ಸಿದ್ಧವಿತ್ತು. ಅದೇ ವೇಳೆ ಟ್ಯುನೀಸಿಯ ಗಡಿಯಲ್ಲಿ ಬಾಂಗ್ಲಾದೇಶದ ಕೂಲಿಕಾರರು ಬಯಲಲ್ಲಿ ರಾತ್ರಿ ಕಳೆದರು. ಅವರನ್ನು ಕೆಲಸಕ್ಕಿಟ್ಟುಕೊಂಡವರು ಯಾವ ದೇಶದವರು, ಒಳಗುತ್ತಿಗೆ ಯಾರದು ಎಂಬುದೇ ಕಗ್ಗಂಟಾಗಿತ್ತು.

ದೇಶದೇಶಗಳ ಸಿಟ್ಟು ಒಮ್ಮೊಮ್ಮೆ ಎಂಥ ವಿಚಿತ್ರ ರೂಪ ತಾಳುತ್ತದೆ ನೋಡಿ. 2017ರ ಜೂನ್ 5ರಂದು ಸೌದಿ, ಎಮಿರೇಟ್ಸ್, ಬಹ್ರೇನ್, ಈಜಿಪ್ಟ್ ಸೇರಿ ಕತಾರಿನ ಜೊತೆ ಸಂಬಂಧ ಕಡಿದುಕೊಂಡವು. ಕತಾರಿನ ಶ್ರೀಮಂತರ ಒಂಟೆಗಳು ಆಗ ಸೌದಿಯ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದವು. ಅವನ್ನೂ ಹೊರಗಟ್ಟಿದರು. ಸಾವಿರಾರು ಒಂಟೆಗಳು ಗಡಿಗೇಟಿನಲ್ಲಿ ಬಿಸಿಲಿಗೆ ನಿಂತವು. ಚಿತ್ರಗಳು ಜಗತ್ತಿನೆಲ್ಲೆಡೆ ಅಚ್ಚಾದವು. ಒಂಟೆಯ ಜೊತೆ ಒಬ್ಬ ಕಾಯುವವನೂ ಇರುತ್ತಾನೆ, ಅವನು ಕತಾರಿಯೂ ಅಲ್ಲ ಸೌದಿಯೂ ಅಲ್ಲ, ದೂರದ ಯಾವುದೋ ಬಡ ದೇಶದವನು ಎಂಬುದು ಹೆಚ್ಚು ಜನಕ್ಕೆ ಹೊಳೆಯಲಿಲ್ಲ.

ಈಗ ನಮ್ಮ ಕರಾವಳಿಗೆ ಹತ್ತಿರದ ಒಂದು ಸಂಗತಿ. 2023ರಲ್ಲಿ ಇಸ್ರೇಲಿನಲ್ಲಿದ್ದ ಸುಮಾರು 18,000 ಭಾರತೀಯರಲ್ಲಿ ಹೆಚ್ಚಿನವರು ಮುದುಕರ, ಕಾಯಿಲೆಯವರ ಆರೈಕೆ ಮಾಡುವವರು. ಉಡುಪಿ, ಮಂಗಳೂರು ಕಡೆಯ ಗಂಡಸರು ಹೆಂಗಸರು ಅವರಲ್ಲಿ ಬಹಳ ಮಂದಿ. ಇಲ್ಲಿ ಧಣಿಯೆಂದರೆ ಕಂಪನಿಯಲ್ಲ, ಎಂಬತ್ತು ತೊಂಬತ್ತು ವರ್ಷದ ಒಬ್ಬ ಅಜ್ಜಿ ಅಥವಾ ಅಜ್ಜ. ಸೈರನ್ ಕೂಗಿದರೆ ಟೆಲ್ ಅವೀವ್ ಸುತ್ತಮುತ್ತ ಸಿಗುವ ಕಾಲಾವಕಾಶ ಒಂದೂವರೆ ನಿಮಿಷ, ಗಾಜಾ ಗಡಿಯ ಊರುಗಳಲ್ಲಿ ಹದಿನೈದು ಸೆಕೆಂಡು. 1990ರ ದಶಕದಿಂದೀಚೆಗೆ ಕಟ್ಟಿದ ಮನೆಗಳಲ್ಲಿ ಮಾಮಾದ್ ಎಂಬ ಕಾಂಕ್ರೀಟಿನ ರಕ್ಷಣಾ ಕೋಣೆ ಇರುತ್ತದೆ. ಮುದುಕರು ವಾಸಿಸುವುದು ಹೆಚ್ಚಾಗಿ ಹಳೆಯ ಕಟ್ಟಡಗಳಲ್ಲಿ, ಅಲ್ಲಿ ಆಶ್ರಯವಿರುವುದು ನೆಲಮಾಳಿಗೆಯಲ್ಲಿ. ಆ ಗಳಿಗೆಯಲ್ಲಿ ಲಿಫ್ಟು ಹತ್ತುವಂತಿಲ್ಲ. ಮೂರನೆಯ ಮಹಡಿಯಿಂದ ಗಾಲಿಕುರ್ಚಿಯ ಅಜ್ಜಿಯನ್ನು ಒಂದೂವರೆ ನಿಮಿಷದಲ್ಲಿ ಇಳಿಸುವುದು ಯಾರಿಂದ ಸಾಧ್ಯ? ಒಬ್ಬಳೇ ಓಡಿದರೆ ಬದುಕಬಹುದು. ಅಜ್ಜಿಯನ್ನು ಬಿಡಲು ಮನಸ್ಸೂ ಒಪ್ಪುವುದಿಲ್ಲ, ಕೆಲಸವೂ ಒಪ್ಪುವುದಿಲ್ಲ. ಮೆಟ್ಟಿಲ ಮೂಲೆಯಲ್ಲಿ ಅಜ್ಜಿಯನ್ನು ಒರಗಿಸಿ, ಹೆಗಲ ಮೇಲೊಂದು ಕೈಯಿಟ್ಟು, ಸದ್ದು ಅಡಗುವ ತನಕ ಕೂರುವುದಷ್ಟೇ ಉಳಿಯುವ ದಾರಿ.

2023ರ ಅಕ್ಟೋಬರ್ 7ರ ದಾಳಿಯ ನಂತರ ಸರ್ಕಾರ ಆಪರೇಷನ್ ಅಜಯ್ ನಡೆಸಿ ವಿಮಾನ ಕಳಿಸಿತು. 2025ರ ಜೂನಿನಲ್ಲಿ ಇರಾನ್–ಇಸ್ರೇಲ್ ಹನ್ನೆರಡು ದಿನ ಹೊಡೆದಾಡಿದಾಗ ಆಪರೇಷನ್ ಸಿಂಧು ನಡೆಯಿತು. ಆರೈಕೆದಾರರಲ್ಲಿ ಬಹುಪಾಲು ಜನ ಅಲ್ಲೇ ಉಳಿದರು. ಕಾರಣ ಮತ್ತೆ ಕಾಗದ. ಅಲ್ಲಿ ಈ ಕೆಲಸದವರು ಧಣಿಯನ್ನು ಬದಲಿಸಬಹುದಾದದ್ದು ಬಂದ ಐದು ವರ್ಷ ಮೂರು ತಿಂಗಳೊಳಗೆ. ಆಮೇಲೆ ಇರುವ ಧಣಿಯ ಬಳಿಯೇ ಮುಂದುವರಿಯಬಹುದು, ಅಷ್ಟೆ. ಹೆದರಿ ಊರಿಗೆ ಬಂದ ಹೊತ್ತಿನಲ್ಲಿ ಅಜ್ಜಿ ತೀರಿಕೊಂಡರೆ ಅಥವಾ ಅವಳ ಮಕ್ಕಳು ಬೇರೆಯವರನ್ನು ಇಟ್ಟುಕೊಂಡರೆ ಬಾಗಿಲು ಮುಚ್ಚಿದಂತೆಯೇ. ಅಜ್ಜಿಯ ಮಕ್ಕಳ ಸಂಕಟವನ್ನೂ ಹೇಳಬೇಕು. ಹಗಲಿರುಳು ನೋಡಿಕೊಳ್ಳುವವಳು ಹೊರಟರೆ ಯುದ್ಧಕಾಲದಲ್ಲಿ ಇನ್ನೊಬ್ಬಳು ಸಿಗುವುದಿಲ್ಲ. ಹೋಗಬೇಡ ಎಂದು ಅವರು ಅಂಗಲಾಚುತ್ತಾರೆ. ಕೊಲ್ಲಿ ದೇಶದ ಕಫೀಲನ ಹಾಗೆ ಪಾಸ್‌ಪೋರ್ಟ್ ಬಚ್ಚಿಡಬೇಕಿಲ್ಲ, ಈ ಅಂಗಲಾಚುವಿಕೆಯೇ ಕಟ್ಟಿಹಾಕುತ್ತದೆ.

ಅಕ್ಟೋಬರ್ 7ರ ದಾಳಿಯ ನಂತರ ಅದೇ ಇಸ್ರೇಲ್ ಪ್ಯಾಲೆಸ್ತೀನಿ ಕಾರ್ಮಿಕರ ಪರವಾನಗಿಗಳನ್ನು ರದ್ದುಮಾಡಿತು. ಕಟ್ಟಡಗಳ ಕೆಲಸ ನಿಂತಿತು, ಅಲ್ಲಿನ ಬಿಲ್ಡರುಗಳು ಬೊಬ್ಬೆ ಹಾಕಿದರು. ಆ ಜಾಗಗಳಿಗೆ ಭಾರತೀಯರನ್ನು ಆರಿಸಲು 2024ರ ಜನವರಿಯಲ್ಲಿ ಹರಿಯಾಣದ ರೋಹ್ಟಕ್‌ನಲ್ಲಿ, ಲಖನೌದಲ್ಲಿ ಗಾರೆ, ಟೈಲ್ಸು, ಕಬ್ಬಿಣ ಕಟ್ಟುವ ಕೆಲಸದ ಪರೀಕ್ಷೆ ನಡೆಯಿತು. ತಿಂಗಳಿಗೆ ಸುಮಾರು 1,37,000 ರೂಪಾಯಿ ಸಂಬಳ. ಹುಡುಗರು ಚಳಿಯಲ್ಲಿ ಸಾಲು ನಿಂತರು. ನಮ್ಮ ಕೇಂದ್ರ ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಅವುಗಳ ನೈತಿಕ ತಕರಾರು ನನಗೆ ಅರ್ಥವಾಗುತ್ತದೆ. ಸಾಲು ನಿಂತವನನ್ನು ದೂರಲು ಮಾತ್ರ ಬಾಯಿ ಬರುವುದಿಲ್ಲ. ಇಲ್ಲಿ ಗಾರೆ ಕೆಲಸಕ್ಕೆ ಅವನಿಗೆ ಸಿಗುವುದೆಷ್ಟು ಎಂದು ನಮಗೆ ಗೊತ್ತಿದೆ. ನನ್ನ ತಕರಾರು ಇರುವುದು ಕಳುಹಿಸಿದವರ ಮೇಲೆ. ಯುದ್ಧ ನಡೆಯುತ್ತಿರುವ ದೇಶಕ್ಕೆ ಜನರನ್ನು ಸರ್ಕಾರದ ಸಮ್ಮುಖದಲ್ಲೇ ಕಳುಹಿಸುವಾಗ, ಗುಂಡು ಹಾರಿದ ದಿನ ಕೆಲಸ ಮಾಡುವುದಿಲ್ಲ ಎನ್ನುವ ಹಕ್ಕು, ಆ ದಿನಗಳ ಸಂಬಳ, ವಾಪಸು ಟಿಕೇಟು, ಮತ್ತೆ ಸೇರಿಕೊಳ್ಳುವ ಹಕ್ಕು ಇವಿಷ್ಟನ್ನು ಕರಾರಿನಲ್ಲಿ ಎದ್ದುಕಾಣುವಂತೆ ಬರೆಸಬೇಕು.

ಇದೇನು ಆಗದ ಹೋಗದ ಮಾತಲ್ಲ. ಸಮುದ್ರದಲ್ಲಿ ಇದು ಆಗಲೇ ಜಾರಿಯಲ್ಲಿದೆ. ಹಡಗಿನ ನಾವಿಕರ ಸಂಘಟನೆಗಳೂ ಹಡಗು ಕಂಪನಿಗಳೂ ಒಟ್ಟಿಗೆ ಕೂತು ಮಾಡಿಕೊಂಡ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. ಯುದ್ಧಸಮಾನ ಪ್ರದೇಶ ಎಂದು ಗುರುತಿಸಿದ ಕಡಲಿಗೆ ಹಡಗು ಹೋಗುವುದಾದರೆ ನಾವಿಕ ಒಲ್ಲೆ ಎನ್ನಬಹುದು, ಕಂಪನಿ ತನ್ನ ಖರ್ಚಿನಲ್ಲಿ ಅವನನ್ನು ಮನೆಗೆ ಕಳುಹಿಸಬೇಕು. ಹೋಗುತ್ತೇನೆ ಎಂದವನಿಗೆ ಆ ದಿನಗಳಿಗೆ ಮೂಲ ವೇತನದಷ್ಟೇ ಹೆಚ್ಚುವರಿ ಹಣ, ಸಾವು ಅಥವಾ ಅಂಗವೈಕಲ್ಯಕ್ಕೆ ಎರಡು ಪಟ್ಟು ಪರಿಹಾರ. 2023ರ ನವೆಂಬರಿನಿಂದ ಯೆಮನಿನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬಿದ್ದಾಗ ನಾವಿಕರ ಕೈಯಲ್ಲಿ ಈ ಕಾಗದವಿತ್ತು. ಗ್ಯಾಲಕ್ಸಿ ಲೀಡರ್ ಹಡಗಿನ 25 ಮಂದಿ ಒಂದು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದುದನ್ನು ಅದು ತಪ್ಪಿಸಲಿಲ್ಲ, ಒಪ್ಪುತ್ತೇನೆ. ಕಾಗದ ಕ್ಷಿಪಣಿಯನ್ನು ತಡೆಯುವುದಿಲ್ಲ. ಆದರೆ ಅಪಾಯದ ಖರ್ಚನ್ನು ಧಣಿಯ ಲೆಕ್ಕಕ್ಕೆ ಬರೆಯುತ್ತದೆ. ಹಾಗೆ ಬರೆದ ಮೇಲೆ, ಹಡಗನ್ನು ಆಫ್ರಿಕಾ ಸುತ್ತಿಸಿ ಕಳಿಸೋಣವೇ ಎಂದು ಕಂಪನಿ ಯೋಚಿಸುವಾಗ ನಾವಿಕನ ಜೀವಕ್ಕೂ ಒಂದು ಬೆಲೆ ಕಾಣತೊಡಗುತ್ತದೆ. ನೀರಿನ ಮೇಲಿರುವವನಿಗೆ ಸಿಕ್ಕಿದ್ದು ನೆಲದ ಮೇಲಿರುವವನಿಗೆ ಏಕೆ ಸಿಕ್ಕಿಲ್ಲ? ನಾವಿಕರಿಗೆ ಸಂಘವಿದೆ. ಗಾರೆಯವನಿಗೆ, ಮನೆಗೆಲಸದವಳಿಗೆ ಇಲ್ಲ. ಕೊಲ್ಲಿಯ ಹಲವು ದೇಶಗಳಲ್ಲಿ ಹೊರಗಿನವರು ಸಂಘ ಕಟ್ಟುವಂತೆಯೇ ಇಲ್ಲ.

ಕರಾರೂ ಇಲ್ಲದ, ಧಣಿಯೂ ಇಲ್ಲದವರ ಮಾತೊಂದನ್ನು ಇಲ್ಲಿ ಸೇರಿಸುತ್ತೇನೆ. ಹುಣಸೂರಿನ ಪಕ್ಷಿರಾಜಪುರದಂಥ ಕಡೆಗಳ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ಕೂದಲೆಣ್ಣೆ ಹೊತ್ತು ಆಫ್ರಿಕಾದ ಊರೂರು ತಿರುಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಸೈನ್ಯವೂ ಅರೆಸೈನಿಕ ಪಡೆಯೂ ಬೀದಿಗಿಳಿದಾಗ ಅವರು ಅಲ್ಲಿ ಸಿಕ್ಕಿಬಿದ್ದರು. ನಮ್ಮಲ್ಲಿ ಚುನಾವಣೆಯ ಕಾಲ. ಅವರ ಹೆಸರಿನಲ್ಲಿ ನಾಯಕರ ನಡುವೆ ವಾಗ್ವಾದವೂ ಆಯಿತು. ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನಿನಿಂದ ಜಿದ್ದಾಗೆ, ಅಲ್ಲಿಂದ ಭಾರತಕ್ಕೆ ಸುಮಾರು 3,800 ಮಂದಿಯನ್ನು ತಂದರು. ಹಕ್ಕಿಪಿಕ್ಕಿಗಳಿಗೆ ಬಾಕಿ ಸಂಬಳದ ಚಿಂತೆ ಇರಲಿಲ್ಲ. ಸಾಲ ಮಾಡಿ ಕೊಂಡ ಸರಕು ಅಲ್ಲೇ ಹೋಯಿತು, ಸಾಲ ಇಲ್ಲಿ ಕಾದಿತ್ತು.

ಗಲ್ಫಿನ ನಗರಗಳು ಕ್ಷೇಮ, ಜಗಳವೆಲ್ಲ ಆಚೆ ಎಲ್ಲೋ ಎಂಬ ನಂಬಿಕೆ ಈಚೆಗೆ ಅಲುಗಿದೆ. 2025ರ ಜೂನ್ 23ರ ಸಂಜೆ ಇರಾನ್ ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ಸೇನಾನೆಲೆಯ ಮೇಲೆ ಕ್ಷಿಪಣಿ ಹಾರಿಸಿತು. ಕತಾರ್, ಬಹ್ರೇನ್, ಕುವೈತ್, ಎಮಿರೇಟ್ಸ್ ಕೆಲ ಗಂಟೆ ಆಕಾಶಮಾರ್ಗ ಮುಚ್ಚಿದವು. ಸೆಪ್ಟೆಂಬರಿನಲ್ಲಿ ಇಸ್ರೇಲ್ ದೋಹಾ ನಗರದೊಳಗೇ ದಾಳಿ ಮಾಡಿತು. ಕೊಲ್ಲಿಯ ಆರು ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಅಷ್ಟು ಜನರನ್ನು ಯಾವ ಆಪರೇಷನ್ನೂ ಹೊತ್ತು ತರಲಾರದು. ಆದ್ದರಿಂದ ಇರುವಲ್ಲೇ ಅವರ ಕೈ ಗಟ್ಟಿಯಾಗಿರಬೇಕು.

ಹೊರಡುವವರಿಗೆ ಒಂದೆರಡು ಮಾತು. ಹತ್ತನೇ ತರಗತಿ ಮುಗಿಸದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಬೇಕು. ನೋಂದಾಯಿತ ಏಜೆಂಟ್ ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಎರಡು ಮೂರು ಲಕ್ಷ ಕೇಳಿದನೆಂದರೆ ಅವನು ನಿಮ್ಮನ್ನು ಕಳುಹಿಸುತ್ತಿಲ್ಲ, ಸಾಲಕ್ಕೆ ಕಟ್ಟುತ್ತಿದ್ದಾನೆ. ಆ ಸಾಲವೇ ನಾಳೆ ಬಾಂಬು ಬಿದ್ದರೂ ನಿಮ್ಮನ್ನು ಅಲ್ಲಿ ಕೂರಿಸುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಹತ್ತು ಲಕ್ಷ. ಹೊರಡುವ ಮುಂಚೆ ಪಾಲಿಸಿಯ ಷರತ್ತುಗಳನ್ನು ಓದಿಸಿಕೊಳ್ಳಿ. ಕರಾರು, ವೀಸಾ, ಸಂಬಳದ ಚೀಟಿ ಇವುಗಳ ನಕಲು ಮನೆಯಲ್ಲೂ ಇರಲಿ, ಫೋನಿನಲ್ಲೂ ಇರಲಿ.

ಇಲ್ಲಿಂದ ಹೋಗಿ ಅಲ್ಲಿ ಧಣಿಗಳಾಗಿರುವ ನಮ್ಮವರು, ಅವರ ಬಂಧುಗಳು ಈ ಮಾತು ಕೇಳುತ್ತಿದ್ದರೆ ಅವರಿಗೂ ಒಂದು ಬಿನ್ನಹ. ತಿಂಗಳ ಸಂಬಳವನ್ನು ಆಯಾ ತಿಂಗಳು ಬ್ಯಾಂಕಿನ ಮೂಲಕ ಕೊಡಿ. ಸೇವಾಂತ್ಯದ ಹಣವನ್ನು ವ್ಯಾಪಾರಕ್ಕೆ ತಿರುಗಿಸದೆ ಬೇರೆ ಖಾತೆಯಲ್ಲಿಡಿ. ಹುಡುಗರು ಓಡಿಹೋಗುತ್ತಾರೆಂಬ ಭಯದಿಂದ ದಾಖಲೆಗಳನ್ನು ಕಪಾಟಿಗೆ ಸೇರಿಸಬೇಡಿ.

ಕೊನೆಯದಾಗಿ ಸರ್ಕಾರಕ್ಕೆ. ಹೊರದೇಶದಲ್ಲಿ ದುಡಿಯುವ ಮಲಯಾಳಿಗಳಿಗಾಗಿ ಕೇರಳ 1996ರಲ್ಲೇ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. ಎಲ್ಲಾದರೂ ಗಲಭೆಯಾದರೆ ಅಲ್ಲಿನವರು ಮೊದಲು ಆ ಬಾಗಿಲು ತಟ್ಟುತ್ತಾರೆ. ನಮ್ಮ ಕರಾವಳಿಯ ಒಂದೊಂದು ಗ್ರಾಮದಿಂದಲೂ ಜನ ಹೊರಗಿದ್ದಾರೆ, ಈಗ ಕಲಬುರಗಿ, ಬೀದರ ಕಡೆಯಿಂದಲೂ ಹೋಗುತ್ತಿದ್ದಾರೆ. ಯಾರು ಯಾವ ದೇಶದಲ್ಲಿ, ಯಾರ ಕೆಳಗೆ ಇದ್ದಾರೆ ಎಂದು ಬರೆದಿಡುವ ಒಂದು ಪುಸ್ತಕ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಬೇಕು. ಅದಕ್ಕೆ ದೊಡ್ಡ ಯೋಜನೆ ಬೇಡ, ಕೋಟಿ ರೂಪಾಯಿ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ನಿಮ್ಮ ಮನೆಯವರ ಹೆಸರನ್ನು ಮೊದಲು ನೀವೇ ಬರೆಸಿ.